ಹಿತ್ತಲಿನ ಅಳತೆ

“ಒಳಗಿರೋದು ಹೊರಗೆ ಹೋಗಬಾರದು ಅಂತಲೋ, ಹೊರಗಿರೋದು ಒಳಗೆ ಬರಬಾರದು ಅಂತಲೋ?”

ಬೇಲಿ ಅಂಗಡಿಯವನ ಪ್ರಶ್ನೆಯಲ್ಲಿ ಕುಹಕವೇನೂ ಇರಲಿಲ್ಲ. ದಿನಕ್ಕೆ ಹತ್ತು ಸಲ ಕೇಳಿ ಕೇಳಿ ನಾಲಿಗೆಗೆ ಅಂಟಿಕೊಂಡಿದ್ದ ಪ್ರಶ್ನೆ ಅದು. ಆದರೂ ಇನ್‌ಸ್ಪೆಕ್ಟರನ ಕಿವಿ ಬಿಸಿಯಾಯಿತು. ಮನೆ ಮುಂದಿನ ಕೈತೋಟದ ಬೇಲಿ ಹತ್ತೇ ನಿಮಿಷದಲ್ಲಿ ಇತ್ಯರ್ಥವಾಗಿತ್ತು: ಸೊಂಟದೆತ್ತರದ ಮರದ ಪಟ್ಟಿಗಳು, ತುದಿ ದುಂಡಗೆ, ಬಿಳಿ ಬಣ್ಣ. ಹೆಂಡತಿ ಎಲ್ಲವನ್ನೂ ಚೀಟಿಯಲ್ಲಿ ಬರೆದು ಕೊಟ್ಟಿದ್ದಳು. ಅದರ ಕೆಳಗೆ ‘ಹಿತ್ತಲು’ ಎಂದು ಬರೆದು, ಮುಂದೆ ಏನೂ ತೋಚದೆ ಒಂದು ಗೀಟು ಎಳೆದಿದ್ದಳು.

“ಹೋಗಬಾರದು ಅಂತ,” ಎಂದ.

“ನಾಯೀನಾ ಸಾರ್?”

ಅಲ್ಲ ಎನ್ನಲು ಬಾಯಿ ತೆರೆದ. ಪಕ್ಕದಲ್ಲಿ ಇನ್ನೊಬ್ಬ ಗಿರಾಕಿ ತಂತಿಯ ಸುರುಳಿಯನ್ನು ಬೆರಳಲ್ಲಿ ತಟ್ಟುತ್ತ ನಿಂತಿದ್ದ. ಕಿವಿ ಇತ್ತ ಕಡೆಗೇ ಇತ್ತು.

“ಹೂಂ,” ಎಂದ.

ತೂಕ-ಅಳತೆ ಇಲಾಖೆಯಲ್ಲಿ ಹತ್ತೊಂಬತ್ತು ವರ್ಷ ಕಳೆದವನು ಅವನು. ತಕ್ಕಡಿಯ ತಟ್ಟೆಯಡಿ ಅಂಟಿಸಿದ ಚೂರು ಮೇಣವನ್ನೂ, ತಳ ಒತ್ತಿ ಮೇಲೆತ್ತಿದ ಲೀಟರಿನ ಪಾತ್ರೆಯನ್ನೂ ನಿಂತಲ್ಲೇ ಗುರುತಿಸಬಲ್ಲವನು. ಸಹೋದ್ಯೋಗಿಗಳು ಬೆನ್ನ ಹಿಂದೆ ಅವನಿಗೆ ‘ಗುಲಗಂಜಿ’ ಎಂದು ಹೆಸರಿಟ್ಟಿದ್ದರು. ಅದು ಅವನಿಗೂ ಗೊತ್ತಿತ್ತು, ಒಳಗೊಳಗೇ ಹೆಮ್ಮೆಯೂ ಇತ್ತು. ಸುಳ್ಳು ಹೇಳುವ ಅಂಗಡಿಯವರನ್ನು ಅವನು ತಕ್ಕಡಿ ಮುಟ್ಟುವ ಮೊದಲೇ ಹಿಡಿಯುತ್ತಿದ್ದ. ಸುಳ್ಳು ಹೇಳುವವರು ಬೇಗ ಉತ್ತರಿಸುತ್ತಾರೆ, ಚಿಕ್ಕದಾಗಿ ಉತ್ತರಿಸುತ್ತಾರೆ. ಈಗ ತನ್ನ ಬಾಯಿಂದ ಬಿದ್ದ ‘ಹೂಂ’ ಕೂಡ ಅದೇ ಜಾತಿಯದು ಎಂದು ಅವನಿಗೆ ತಿಳಿಯದೆ ಇರಲಿಲ್ಲ.

ಮನೆಯ ಹತ್ತಿರವೇ ಮೂರು ಬೇಲಿ ಅಂಗಡಿಗಳಿದ್ದವು. ರಜೆಯ ದಿನ ಎರಡು ಬಸ್ಸು ಬದಲಾಯಿಸಿ, ತನ್ನ ವ್ಯಾಪ್ತಿಗೆ ಬಾರದ, ಗುರುತು ಪರಿಚಯವಿಲ್ಲದ ಈ ಅಂಗಡಿಗೆ ಬಂದಿದ್ದ. ಇನ್‌ಸ್ಪೆಕ್ಟರ್ ಎಂದು ಗೊತ್ತಾದರೆ ಉಪಕಾರ ಮಾಡಲು ಬರುತ್ತಾರೆ, ಋಣ ಬೇಡ ಎಂದು ಹೆಂಡತಿಗೆ ಕಾರಣ ಕೊಟ್ಟಿದ್ದ. ಕಾರಣ ಸರಿಯಾಗಿಯೇ ಇತ್ತು. ಹೆಂಡತಿ ನಂಬಿದ ಹಾಗೆ ತಲೆಯಾಡಿಸಿದ್ದಳು.

“ದೊಡ್ಡದಾ?”

“ಎತ್ತರ ಇದೆ.”

“ವಯಸ್ಸೆಷ್ಟು?”

“ವಯಸ್ಸಾಗಿದೆ.”

“ವಯಸ್ಸಾಗಿದ್ರೆ ಹಾರಲ್ಲ ಬಿಡಿ. ಮೂರಡಿ ಸಾಕು.”

“ಸಾಲದು. ಹತ್ತುತ್ತೆ.”

“ಕಚ್ಚುತ್ತಾ?”

“ಛೆ ಛೆ. ಬಹಳ ಸಾಧು.”

“ಸಾಧು ಅಂತೀರಿ, ಮತ್ಯಾಕೆ ಕೂಡಿಹಾಕೋ ಉಸಾಬರಿ?”

“ಅಕ್ಕಪಕ್ಕದವರ ಮನೆಗೆ ಹೋಗುತ್ತೆ.”

ಅಂಗಡಿಯವನು ಅರ್ಥವಾದವನಂತೆ ನಕ್ಕು, ಆರಡಿ ಎತ್ತರದ ಚೌಕಟ್ಟೊಂದನ್ನು ಎಳೆದು ತಂದು ಗೋಡೆಗೆ ಒರಗಿಸಿದ. ಒತ್ತಾದ ಜಾಲರಿ, ಸುತ್ತ ಕಬ್ಬಿಣದ ಪಟ್ಟಿ. ಇನ್‌ಸ್ಪೆಕ್ಟರ್ ಹತ್ತಿರ ಹೋಗಿ ಜಾಲರಿಯ ಕಣ್ಣಿಗೆ ಬೆರಳು ತೂರಿಸಿ ನೋಡಿದ. ಕಿರುಬೆರಳು ಮಾತ್ರ ಹೋಗುತ್ತಿತ್ತು. ಆಮೇಲೆ ಮೂಲೆಗಳನ್ನು ಸವರಿದ.

“ಈ ಸ್ಕ್ರೂ ತಲೆಗಳೆಲ್ಲ ಹೊರಗಡೆ ಬರಬೇಕು.”

“ಒಳಗಿದ್ರೇನು ಸಾರ್?”

“ಬಿಚ್ಚುತ್ತೆ.”

ತಂತಿ ತಟ್ಟುತ್ತಿದ್ದ ಗಿರಾಕಿಯ ಬೆರಳು ನಿಂತಿತು. ಅಂಗಡಿಯವನು ಇನ್‌ಸ್ಪೆಕ್ಟರನನ್ನೊಮ್ಮೆ, ಚೌಕಟ್ಟನ್ನೊಮ್ಮೆ ನೋಡಿದ.

“ನಾಯಿ, ಸ್ಕ್ರೂ ಬಿಚ್ಚುತ್ತಾ?”

“ಹಲ್ಲಲ್ಲಿ,” ಎಂದ ಇನ್‌ಸ್ಪೆಕ್ಟರ್.

ಮೂರು ಗಂಟೆಗೆ ಮನೆಗೆ ಬಂದು ಅಳತೆ ತೆಗೆದುಕೊಳ್ಳುವುದಾಗಿ ಅಂಗಡಿಯವನು ವಿಳಾಸ ಬರೆದುಕೊಂಡ. “ಅಂಥಾ ನಾಯೀನ ನಾನೊಂದ್ಸಲ ನೋಡ್ಲೇಬೇಕು,” ಎಂದ.

ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಫೋನು ಮಾಡಿ ಹೇಳಿಬಿಡಬಹುದಿತ್ತು. ನಾಯಿಯಲ್ಲಪ್ಪ, ನಮ್ಮ ತಂದೆ. ಎಷ್ಟು ಹೊತ್ತಿನ ಮಾತು? ಮನಸ್ಸಿನಲ್ಲೇ ನಾಲ್ಕೈದು ಬಗೆಯಲ್ಲಿ ಹೇಳಿ ನೋಡಿದ. ಹೇಗೆ ಹೇಳಿದರೂ, ಮೊದಲೇ ಯಾಕೆ ಹೇಳಲಿಲ್ಲ ಎಂದು ಅಂಗಡಿಯವನು ಕೇಳಿಯೇ ಕೇಳುತ್ತಿದ್ದ. ಫೋನನ್ನು ಜೇಬಿಗೆ ಹಾಕಿಕೊಂಡ.

ಅಪ್ಪ ಮೂವತ್ತೆಂಟು ವರ್ಷ ಶಾಲೆಯಲ್ಲಿ ಮರಗೆಲಸ ಕಲಿಸಿದವರು. ಎರಡು ವರ್ಷದಿಂದ ಅವರ ನೆನಪು ಒಂದೊಂದೇ ಕಡೆ ಸಡಿಲವಾಗುತ್ತ ಬಂದಿತ್ತು. ಹೆಸರುಗಳು ಹೋದವು, ಆಮೇಲೆ ವಾರಗಳು, ಆಮೇಲೆ ಊಟ ಮಾಡಿದ್ದು ಬಿಟ್ಟದ್ದು. ಕೈಗಳು ಮಾತ್ರ ಏನನ್ನೂ ಮರೆತಿರಲಿಲ್ಲ. ಎಲ್ಲಾದರೂ ಬಾಗಿಲು ಕಿರುಗುಟ್ಟಿದರೆ, ನೆಲಕ್ಕೆ ಉಜ್ಜಿದರೆ, ಅವರಿಗೆ ತಡೆಯಲಾಗುತ್ತಿರಲಿಲ್ಲ. ಹಿತ್ತಲಿನಿಂದ ಇಳಿದು ಹೋಗಿ ಆ ಬಾಗಿಲನ್ನು ಕೀಲಿನಿಂದ ಬಿಡಿಸಿ ಇಳಿಸುತ್ತಿದ್ದರು. ಇಳಿಸಿದ ಮೇಲೆ ಯಾಕೆ ಇಳಿಸಿದೆ ಎಂಬುದು ಮರೆಯುತ್ತಿತ್ತು. ಸ್ಕ್ರೂಡ್ರೈವರ್ ಬಚ್ಚಿಟ್ಟರೆ ಚಮಚದ ಹಿಡಿ, ಚಮಚ ಬಚ್ಚಿಟ್ಟರೆ ನಾಣ್ಯ.

ಕಳೆದ ಬುಧವಾರ ಹಿಂದಿನ ಓಣಿಯ ನರ್ಸ್ ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದ್ದಳು. ಎಚ್ಚರಾಗಿ ನೋಡಿದರೆ ಬಾಗಿಲಿದ್ದ ಜಾಗದಲ್ಲಿ ಆಕಾಶವಿತ್ತು. ಅವಳು ಕಿರುಚಿಕೊಂಡದ್ದಕ್ಕೆ ಓಣಿಯೇ ಸೇರಿತು. ಇನ್‌ಸ್ಪೆಕ್ಟರ್ ಕಚೇರಿಯಿಂದ ಬರುವ ಹೊತ್ತಿಗೆ ಅಪ್ಪ ಗುಂಪಿನ ನಡುವೆ ಬಾಗಿಲನ್ನು ತಬ್ಬಿಕೊಂಡು ನಿಂತಿದ್ದರು. ಮೈಮೇಲೆ ಬನಿಯನ್ನು, ಚಡ್ಡಿ. “ಯಾರ ಮನೆಯವರ್ರೀ ಇವರು?” ಎಂದು ಯಾರೋ ಕೇಳಿದರು.

ಅವನು ಮುಂದೆ ಹೋಗಲಿಲ್ಲ. ಚೀಲ ಹಿಡಿದುಕೊಂಡು ಗುಂಪಿನ ಹಿಂದೆ, ದಾರಿಹೋಕನಂತೆ, ಕತ್ತು ಉದ್ದ ಮಾಡಿ ನೋಡುತ್ತ ನಿಂತ. ಎಷ್ಟು ಹೊತ್ತು? ಅಳತೆಯವನಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಒಂದು ನಿಮಿಷಕ್ಕೆ ಕಮ್ಮಿಯಿಲ್ಲ. ಆ ನಿಮಿಷದಲ್ಲಿ ಅಪ್ಪ ತಲೆಯೆತ್ತಿ ಅವನನ್ನು ಕಂಡರು. ಕರೆಯಲು ತುಟಿ ತೆರೆದರು. ಯಾಕೋ ಸುಮ್ಮನಾಗಿ, ಮತ್ತೆ ಬಾಗಿಲನ್ನೇ ನೋಡತೊಡಗಿದರು. ಕೊನೆಗೆ ಕೈಹಿಡಿದು ಕರೆತಂದವಳು ಹೆಂಡತಿ.

ಆ ರಾತ್ರಿಯೇ ಬೇಲಿಯ ಮಾತು ಎತ್ತಿದವನು ಅವನು. ಹಿತ್ತಲಿಗೆ ಮಾತ್ರ ಹಾಕಿಸಿದರೆ ನಾಲ್ಕು ಜನ ಯಾಕೆ ಎಂದು ಕೇಳಿಯಾರು, ಮುಂದುಗಡೆಗೂ ಹಾಕಿಸೋಣ, ಚೆಂದಕ್ಕೆ, ಎಂದಿದ್ದ.

ಅಂಗಡಿಯವನು ಹೇಳಿದ ಹೊತ್ತಿಗೇ ಬಂದ. ಹೆಗಲಲ್ಲಿ ದಾರದ ಉಂಡೆ, ಕಂಕುಳಲ್ಲಿ ಗೂಟಗಳ ಕಟ್ಟು, ಸೊಂಟದಲ್ಲಿ ಟೇಪು. ಮುಂದಿನ ತೋಟವನ್ನು ಸರಸರ ಅಳೆದು ಮುಗಿಸಿ ಹಿತ್ತಲಿಗೆ ಬಂದವನೇ ಸುತ್ತ ಕಣ್ಣಾಡಿಸಿದ.

“ಎಲ್ಲಿ ಸಾರ್ ನಮ್ಮ ಕಿಲಾಡಿ?”

ಹೆಂಡತಿ ಬಟ್ಟೆ ಹರವುತ್ತಿದ್ದವಳು ತಿರುಗಿದಳು. “ಯಾರು?”

“ನಾಯಿ, ಅಮ್ಮಾ. ಸ್ಕ್ರೂ ಬಿಚ್ಚೋ ನಾಯಿ.”

ಹೆಂಡತಿ ಅಂಗಡಿಯವನನ್ನು ನೋಡಲಿಲ್ಲ, ಗಂಡನನ್ನು ನೋಡಿದಳು. ಕೈಯಲ್ಲಿದ್ದ ಒದ್ದೆ ಅಂಗಿ ಅಪ್ಪನದು. ಅದನ್ನು ಒಂದು ಸಲ ಜಾಡಿಸಿ ತಂತಿಗೆ ಹಾಕಿ, ಎರಡೂ ತೋಳು ನೇರ ಮಾಡಿ, ಕ್ಲಿಪ್ಪು ಸಿಗಿಸಿದಳು.

“ನನ್ನ ತಂಗಿ ಮನೇಲಿ ಬಿಟ್ಟಿದೀವಿ,” ಎಂದಳು. “ಬೇಲಿ ಆದ್ಮೇಲೆ ಕರ್ಕೊಂಡು ಬರ್ತೀವಿ.”

ಅವನಿಗಿಂತ ಸಲೀಸಾಗಿ ಹೇಳಿದಳು. ಅವನಿಗೆ ಹಾಯೆನಿಸಿತು; ಹಾಯೆನಿಸಿದ್ದಕ್ಕೆ ಮತ್ತಷ್ಟು ನಾಚಿಕೆಯಾಯಿತು.

“ನಮ್ಮನೇಲಿ ನಾಯಿ ಇದೆಯಾ?”

ಅಪ್ಪ ಅಡುಗೆಮನೆಯ ಮೆಟ್ಟಿಲ ಮೇಲೆ ನಿಂತಿದ್ದರು. ಕೂದಲು ಬಾಚಿಕೊಂಡಿದ್ದರು. ಹೊಸಬರು ಬಂದದ್ದು ಕೇಳಿಸಿ ಅಂಗಿಯನ್ನೂ ತಾವೇ ತೊಟ್ಟುಕೊಂಡಿದ್ದರು, ಗುಂಡಿ ಒಂದು ಮನೆ ತಪ್ಪಿತ್ತು.

“ಬರುತ್ತೆ ಅಪ್ಪ,” ಎಂದ ಅವನು. “ಬಿಸಿಲಿದೆ, ನೀವು ಒಳಗೆ ಹೋಗಿ.”

ಅಪ್ಪ ಹೋಗಲಿಲ್ಲ. ಇಳಿದು ಬಂದು ಅಂಗಡಿಯವನು ಚಾಚಿದ್ದ ಟೇಪಿನ ತುದಿಯನ್ನು ಹಿಡಿದುಕೊಂಡು ಬಿಸಿಲಿಗೆ ಎತ್ತಿ ನೋಡಿದರು.

“ಕೊಕ್ಕೆ ಸವೆದಿದೆ. ಸೊನ್ನೆಯಿಂದ ಹಿಡಿದ್ರೆ ತಪ್ಪುತ್ತೆ. ಒಂದನೇ ಅಂಗುಲದಿಂದ ಹಿಡಿ, ಆಮೇಲೆ ಒಂದು ಕಳಿ.”

ಅಂಗಡಿಯವನು ಕೊಕ್ಕೆ ನೋಡಿಕೊಂಡು ನಾಲಿಗೆ ಕಚ್ಚಿದ. ಸವೆದಿತ್ತು. ಇನ್‌ಸ್ಪೆಕ್ಟರ್ ಬೆಳಗಿನಿಂದ ಎರಡು ಸಲ ಆ ಟೇಪನ್ನು ನೋಡಿದ್ದ, ಸವೆದದ್ದು ಕಣ್ಣಿಗೆ ಬಿದ್ದಿರಲಿಲ್ಲ.

“ಯಜಮಾನ್ರು ಏನು ಕೆಲಸದಲ್ಲಿದ್ರಿ?”

“ಮೇಷ್ಟ್ರು,” ಎಂದರು ಅಪ್ಪ. ಅಷ್ಟು ತಟ್ಟನೆ ಅವರು ಯಾವ ಪ್ರಶ್ನೆಗೂ ಉತ್ತರಿಸದೆ ತಿಂಗಳುಗಳಾಗಿದ್ದವು.

ಆಮೇಲೆ ಮುಕ್ಕಾಲು ಗಂಟೆ ಅವರಿಬ್ಬರೇ ಕೆಲಸ ಮಾಡಿದರು. ಅಪ್ಪ ದಾರ ಬಿಗಿಸಿದರು, ಗೂಟ ಹೊಡೆಸಿದರು, ಮೂಲೆ ನೇರವಿಲ್ಲವೆಂದು ಗೂಟ ಕೀಳಿಸಿ ಮತ್ತೆ ಹೊಡೆಸಿದರು. ಮೂರಡಿ ಇತ್ತ, ನಾಲ್ಕಡಿ ಅತ್ತ, ಓರೆ ಐದಡಿ ಬಂದರೆ ಮೂಲೆ ಸರಿ ಎಂದು, ಎದುರಿಗೆ ತರಗತಿ ಕೂತಿರುವ ಹಾಗೆ ವಿವರಿಸಿದರು. ಅವರ ದನಿ ಎರಡು ವರ್ಷದ ಹಿಂದಿನದಾಗಿತ್ತು. ಹೆಂಡತಿ ಬಟ್ಟೆಯ ಬುಟ್ಟಿಯನ್ನು ಕೆಳಗಿಟ್ಟು ಹಾಗೇ ನಿಂತುಬಿಟ್ಟಳು. ಮಗನ ಕಣ್ಣು ತುಂಬಿತು, ಸಂತೋಷಕ್ಕೋ ಏನೋ. ತಮ್ಮನ್ನೇ ಕೂಡಿಹಾಕುವ ಕೆಲಸ ಅಪ್ಪನನ್ನು ಅಷ್ಟು ಹೊತ್ತಿನ ಮಟ್ಟಿಗೆ ವಾಪಸು ಕರೆತಂದಿತ್ತು.

“ನಾಯಿ ಹೇಗಿದೆ?” ಅಪ್ಪ ಕೇಳಿದರು. ಮಗನನ್ನಲ್ಲ, ಅಂಗಡಿಯವನನ್ನು.

“ನಾನೂ ನೋಡಿಲ್ಲ ಮೇಷ್ಟ್ರೇ. ಎತ್ತರ ಅಂತೆ. ವಯಸ್ಸಾಗಿದೆಯಂತೆ. ಸಾಧುವಂತೆ. ಆದ್ರೆ ಅಕ್ಕಪಕ್ಕದ ಮನೆಗೆ ಹೋಗುತ್ತಂತೆ, ಸ್ಕ್ರೂ ಬಿಚ್ಚುತ್ತಂತೆ. ಸಾರೇ ಹೇಳಿದ್ರು.”

ಅಪ್ಪ ದಾರವನ್ನು ಬೆರಳಲ್ಲಿ ಮೀಟಿದರು. ಅದು ಅದುರುವುದು ನಿಲ್ಲುವವರೆಗೂ ನೋಡಿದರು. ಈಗ ಹೇಳಬೇಕು, ಈಗಲ್ಲದಿದ್ದರೆ ಇಲ್ಲ ಎಂದುಕೊಂಡ ಇನ್‌ಸ್ಪೆಕ್ಟರ್. ನೀರು ಬೇಕೇ ಎಂದು ಕೇಳಿದ. ಯಾರಿಗೂ ಬೇಕಾಗಿರಲಿಲ್ಲ.

“ಹಾಗಾದ್ರೆ ಸ್ಕ್ರೂನೇ ಬೇಡ,” ಎಂದರು ಅಪ್ಪ. “ರಿವೆಟ್ ಹೊಡೀರಿ, ಬಿಚ್ಚೋಕೆ ಬರಲ್ಲ. ಅಡ್ಡಪಟ್ಟಿ ಹೊರಗಿರಲಿ. ಒಳಗಿದ್ರೆ ಕಾಲಿಟ್ಟು ಹತ್ತುತ್ತೆ. ಗೇಟಿಗೆ ಎರಡು ಕೀಲು ಹಾಕ್ತೀರಲ್ಲ, ಮೇಲಿನದನ್ನ ತಲೆಕೆಳಗು ಹಾಕಿ. ಇಲ್ಲಾಂದ್ರೆ ಗೇಟನ್ನ ಹಾಗೇ ಎತ್ತಿ ಇಳಿಸಿಬಿಡಬಹುದು.”

“ಅಬ್ಬಾ! ಚಿಲಕ ಮೇಷ್ಟ್ರೇ?”

“ಹೊರಗೆ. ಒಳಗಿಂದ ಕೈಗೆ ಎಟಕಬಾರದು.”

ಕೈ ಎಂದದ್ದನ್ನು ಯಾರೂ ತಿದ್ದಲಿಲ್ಲ. ಅಂಗಡಿಯವನು ಎಲ್ಲವನ್ನೂ ಬರೆದುಕೊಂಡು ಕಾಗದವನ್ನು ಇನ್‌ಸ್ಪೆಕ್ಟರನ ಮುಂದೆ ಹಿಡಿದ. ಉದ್ದ, ಎತ್ತರ, ಕಂಬ, ಕೀಲು. ಕೊನೆಯಲ್ಲಿ ಉದ್ದೇಶ ಎಂಬಲ್ಲಿ ‘ನಾಯಿ’ ಎಂದಿತ್ತು. ಅಂಗುಲಕ್ಕೆ ಅಂಗುಲ ಸರಿಯಾಗಿದ್ದ ಆ ಕಾಗದದಲ್ಲಿ ಸುಳ್ಳಾಗಿದ್ದದ್ದು ಅದೊಂದೇ. ಸಾವಿರಾರು ತಕ್ಕಡಿಗಳಿಗೆ ಸರಿಯಿದೆಯೆಂದು ರುಜು ಹಾಕಿದ ಕೈ ಇದಕ್ಕೂ ರುಜು ಹಾಕಿತು.

“ಸೋಮವಾರ ಕಂಬ ನೆಡ್ತೀವಿ. ಅಲ್ಲೀತನಕ ದಾರ, ಗೂಟ ಹಾಗೇ ಇರ್ಲಿ,” ಎಂದ ಅಂಗಡಿಯವನು. ಹೋಗುವಾಗ ಅಪ್ಪನಿಗೆ ಕೈಮುಗಿದ. “ನೀವಿರೋವಾಗ ನಾಯಿ ಎಲ್ಲಿಗೆ ಹೋಗುತ್ತೆ ಬಿಡಿ, ಮೇಷ್ಟ್ರೇ.”

ಅಡುಗೆಮನೆಯಲ್ಲಿ ಹೆಂಡತಿ ಪಾತ್ರೆ ತೊಳೆಯುತ್ತಿದ್ದಳು. ಅವನು ಲೋಟ ಒರೆಸಲು ನಿಂತ.

“ನಾಯಿ ಅಂದ್ರಾ?”

“ಅವನೇ ಅಂದ.”

“ನೀವು ಅಲ್ಲ ಅನ್ನಲಿಲ್ಲ.”

“ನೀನೂ ಅನ್ನಲಿಲ್ಲ.”

“ನಾನು ನಿಮ್ಮ ಮರ್ಯಾದೆ ಉಳಿಸಿದೆ,” ಎಂದಳು. ದನಿಯೇನೂ ಏರಲಿಲ್ಲ. “ಮಾವನ ಮರ್ಯಾದೆ ಯಾರು ಉಳಿಸಬೇಕಿತ್ತೋ ಗೊತ್ತಿಲ್ಲ.”

ಒರೆಸಿದ ಲೋಟವನ್ನೇ ಅವನು ಮತ್ತೊಮ್ಮೆ ಒರೆಸಿದ. ಬೇಲಿ ಬೇಡ ಎನ್ನಲು ಅವಳಿಗೂ ಬಾಯಿರಲಿಲ್ಲ. ಅಪ್ಪನ ಹಿಂದೆ ಓಣಿ ಓಣಿ ಓಡಿದವಳು ಅವಳು. ಅವಳ ಎಡಮಂಡಿ ತರಚಿದ್ದು ಇನ್ನೂ ಮಾಗಿರಲಿಲ್ಲ. ನಲ್ಲಿ ನಿಲ್ಲಿಸಿ ಕೈ ಒರೆಸಿಕೊಂಡು ಹೋದಳು.

ಬಿಸಿಲು ಇಳಿಯುವ ಹೊತ್ತಿಗೆ ಅವನು ಹಿತ್ತಲಿಗೆ ಬಂದ. ಅಪ್ಪ ದೂರದ ಮೂಲೆಯಲ್ಲಿ, ಗೂಟದ ಪಕ್ಕ ಕುಕ್ಕುರುಗಾಲಲ್ಲಿ ಕೂತಿದ್ದರು. ತೊಡೆಯ ಮೇಲೆ ಅವರದೇ ಹಳೆಯ ಚರ್ಮದ ಬೆಲ್ಟು.

“ಏನು ಮಾಡ್ತಿದೀರಿ ಅಪ್ಪ?”

“ನಾಯಿ ಬರುತ್ತಲ್ಲ. ಕೊರಳಿಗೊಂದು ಪಟ್ಟಿ ಬೇಡವಾ? ಪಟ್ಟಿ ಇಲ್ಲದಿದ್ರೆ ಯಾರ ಮನೇದು ಅಂತ ಜನಕ್ಕೆ ಹೇಗೆ ಗೊತ್ತಾಗಬೇಕು?”

ಬುಧವಾರದ ಓಣಿ ಅಪ್ಪನಿಗೆ ನೆನಪಿದೆಯೋ ಇಲ್ಲವೋ ಅವರ ಮುಖ ನೋಡಿ ಹೇಳುವಂತಿರಲಿಲ್ಲ. ಮಾತಿನಲ್ಲಿ ಚುಚ್ಚು ಇರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು.

“ಕುತ್ತಿಗೆ ಎಷ್ಟು ದಪ್ಪ ಅದರದು?”

“ಗೊತ್ತಿಲ್ಲ.”

“ನೀನು ನೋಡಿದೀಯಲ್ಲ?”

“ನೋಡಿದೀನಿ.”

“ನಿನ್ನಷ್ಟಿರುತ್ತಾ?”

“ಇರಬಹುದು.”

“ಹಾಗಾದ್ರೆ ಕೂತ್ಕೋ ಬಾ.”

ಅವನು ದಾರ ದಾಟಿ ಒಳಗೆ ಹೋಗಿ ಅಪ್ಪನ ಮುಂದೆ ಮಂಡಿಯೂರಿ ಕುಳಿತ. ಮೂಲೆಯ ಗೂಟಕ್ಕೆ ಕಟ್ಟಿ ಮಿಕ್ಕಿದ್ದ ದಾರ ನೆಲದಲ್ಲಿ ಸುರುಳಿ ಬಿದ್ದಿತ್ತು. ಅಪ್ಪ ಅದನ್ನು ಎತ್ತಿಕೊಂಡು, ತುದಿಯನ್ನು ಮಗನ ಕೊರಳ ಸುತ್ತ ತಂದರು. ಅವರ ಬೆರಳುಗಳು ಒರಟಾಗಿದ್ದವು, ಬೆಚ್ಚಗಿದ್ದವು. ಇಷ್ಟು ಹತ್ತಿರ ಅಪ್ಪನ ಉಸಿರು ತಾಗಿ ಎಷ್ಟು ವರ್ಷವಾಯಿತೆಂದು ಅವನು ಲೆಕ್ಕ ಹಾಕಹೋದ, ಆಗಲಿಲ್ಲ.

“ಅಪ್ಪ,” ಎಂದ. “ನಾಯಿ ಇಲ್ಲ ಅಪ್ಪ. ನಾಯಿ ಅಂತ ನಾನು ಸುಳ್ಳು ಹೇಳಿದೆ. ಬೇಲಿ...”

“ಮಾತಾಡಬೇಡ,” ಎಂದರು ಅಪ್ಪ. “ಮಾತಾಡಿದ್ರೆ ಗಂಟಲು ಉಬ್ಬುತ್ತೆ. ಅಳತೆ ತಪ್ಪುತ್ತೆ.”

“ಬೇಲಿ ನಿಮಗೆ ಅಪ್ಪ.”

“ಅಲ್ಲಾಡಬೇಡ ಅಂದೆನಲ್ಲ.”

ಶಾಲೆಯ ಹುಡುಗರಿಗೆ ಹೇಳುವಷ್ಟು ಗದರಿಕೆ, ಅದಕ್ಕಿಂತ ಹೆಚ್ಚಿಲ್ಲ. ದಾರ ಮತ್ತು ಕೊರಳಿನ ನಡುವೆ ಎರಡು ಬೆರಳು ತೂರಿಸಿ, ಅಷ್ಟು ಸಡಿಲ ಬಿಟ್ಟು, ಅಪ್ಪ ಗಂಟು ಹಾಕಿದರು. ಗಂಟನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು. ಆಮೇಲೆ ಅವನ ತಲೆಯ ಮೇಲೆ ಕೈಯಿಟ್ಟು, ಅದನ್ನೇ ಆಧಾರ ಮಾಡಿಕೊಂಡು ಎದ್ದರು.

“ಗುರುತು ಹಾಕ್ಬೇಕು, ಪೆನ್ಸಿಲ್ ತರ್ತೀನಿ. ಹೀಗೇ ಇರು.”

ಅಪ್ಪ ಹಿತ್ತಲು ದಾಟಿ, ಮೆಟ್ಟಿಲು ಹತ್ತಿ ಒಳಗೆ ಹೋದರು. ಅವರು ಒಳಗೆ ಬಂದ ಕೂಡಲೇ ಹಿಂಬಾಗಿಲು ಹಾಕಿಬಿಡಬೇಕೆಂದು ಹೆಂಡತಿಗೆ ಹೇಳಿದ್ದವನು ಅವನೇ. ಬಾಗಿಲು ಮುಚ್ಚಿಕೊಂಡಿತು. ಚಿಲಕ ಬಿದ್ದ ಸದ್ದು ಕೇಳಿಸಿತು. ಸ್ವಲ್ಪ ಹೊತ್ತಿಗೆ ಅಡುಗೆಮನೆಯ ದೀಪ ಹತ್ತಿತು. ಕುರ್ಚಿ ಎಳೆದುಕೊಂಡ ಶಬ್ದ, ಟೀ ಲೋಟದ ಶಬ್ದ. “ಸಕ್ಕರೆ ಕಮ್ಮಿಯಾಯ್ತಮ್ಮ,” ಎಂದರು ಅಪ್ಪ. ಹೆಂಡತಿ ಏನೋ ಹೇಳಿದಳು. ಪೆನ್ಸಿಲಿನ ಮಾತು ಯಾರೂ ಆಡಲಿಲ್ಲ.

ಹಿಂದಿನ ಓಣಿಯಲ್ಲಿ ನರ್ಸ್ ಕೆಲಸಕ್ಕೆ ಹೊರಟವಳು ಅವನನ್ನು ಕಂಡು ನಿಂತಳು. ಕೊರಳು ನೋಡಿದಳು, ದಾರ ನೋಡಿದಳು, ಗೂಟ ನೋಡಿದಳು.

“ಏನ್ರೀ ಇದು? ಯಾರು ಕಟ್ಟಿದ್ದು?”

“ನಮ್ಮಪ್ಪ,” ಎಂದ ಅವನು.

ಅವಳು ಚೀಲವನ್ನು ಹೆಗಲಿಗೇರಿಸಿಕೊಂಡು ಬೇಗ ಬೇಗ ನಡೆದುಹೋದಳು.

ಗಂಟು ಗಟ್ಟಿಯಿರಲಿಲ್ಲ. ಬೆರಳು ಹಾಕಿ ಎಳೆದರೆ ಬಿಚ್ಚಿಕೊಳ್ಳುತ್ತಿತ್ತು. ಅವನ ಕೈ ಅಲ್ಲಿಯವರೆಗೆ ಹೋಯಿತು. ಬಿಚ್ಚಿದರೆ ಅಳತೆ ಹೋಗುತ್ತದೆ ಎಂದುಕೊಂಡು ಕೈ ಕೆಳಗಿಳಿಸಿದ. ಆಮೇಲೆ ದಾರ ಬಿಡುವಷ್ಟು ದೂರ ಮಂಡಿಯ ಮೇಲೆಯೇ ಮುಂದಕ್ಕೆ ಸರಿದು, ಮುಚ್ಚಿದ ಬಾಗಿಲಿನ ಕಡೆ ಮುಖ ಮಾಡಿ ಕುಳಿತ.